ದಮ್ಮು ಒಂದೇ ಬರಂಗಿಲ್ರಿ, ಬಳಗ ಕಟ್ಟಿಕೊಂಡು ಬರತೈತಿ

ನಮ್ಮ ಮನಿಗೆ ಯಾರರ ಬಂದು ಕುಂತಾಗ ಒಳಗಿಂದ ಅಕ್ಕ ಕೆಮ್ಮೂದು ಕೇಳಿಸಿದ್ರ, ಅವರು ಕೇಳೂಕಿಂತ ಮೊದಲೇ ನಾವು ಹೇಳಿಬಿಡತಿದ್ವಿ: "ಏನಿಲ್ರಿ, ಆಕಿಗೆ ದಮ್ಮು ಐತಿ." ಬಂದವರೂ "ಹೌದನ್ರಿ, ಪಾಪ" ಅಂದು, ಚಾ ಕುಡದು, ಬ್ಯಾರೆ ಮಾತಿಗೆ ಹೋಗತಿದ್ರು. ಹದಿನೈದು ವರ್ಷ ನಮ್ಮ ಮನ್ಯಾಗ ಆ ಒಂದು ಮಾತಿನ ಕೆಳಗ ಎಲ್ಲಾ ಮುಚ್ಚಿ ಹೋಗಿತ್ತು. ಅಕ್ಕಗ ರಾತ್ರಿ ನಿದ್ದಿ ಬರಲಿಲ್ಲಂದ್ರ ದಮ್ಮು. ಮೂಗು ಕಟ್ಟಿದ್ರ ದಮ್ಮು. ಎದಿ ಉರದ್ರ ದಮ್ಮು. ಮದವಿಗೆ ಬರೂದಿಲ್ಲ ಅಂದ್ರೂ ದಮ್ಮು. ಹೋದ ವರ್ಷ ದೀಪಾವಳಿಗೆ ಆಕಿ ಟೊಂಕ ಹಿಡಕೊಂಡು ನೆಲಕ್ಕ ಕುಂತಾಗ, "ಕೆಮ್ಮಿ ಕೆಮ್ಮಿ ಟೊಂಕ ಹಿಡದೈತಿ" ಅಂತ ನಾನೇ ಎಣ್ಣಿ ತಿಕ್ಕಿದೆ. ಎರಡು ದಿನ ಆದ ಮ್ಯಾಲೆ ಎಕ್ಸ್‌ರೇ ತಗಸಿದಾಗ ಗೊತ್ತಾತು, ಬೆನ್ನೆಲುಬಿನ ಒಂದು ಮಣಿ ಕುಸದು ಕುಂತಿತ್ತು.

ಅಕ್ಕ ಅಂದ್ರ ನನ್ನ ದೊಡ್ಡ ನೆಗೆಣ್ಣಿ. ನಿಮ್ಮೊಳಗ ಭಾಳ ಮಂದಿಗೆ ಆಕಿ ಗೊತ್ತು, ಆಕಿ ಕೈಯಿನ ಎಣಗಾಯಿ ಉಂಡವರು ಇದ್ದೀರಿ. ಆಕಿ ಸುದ್ದಿ ಬರೀಬೇಕಂದ್ರ ಆಕಿನ್ನ ಕೇಳಬೇಕಲ್ಲ, ಕೇಳಿದೆ. "ಬರಿ, ಆದ್ರ ನನ್ನ ತೂಕ ಎಷ್ಟಂತ ಬರೀಬ್ಯಾಡ" ಅಂದ್ಲು. ಅದೊಂದು ಬಿಟ್ಟು ಎಲ್ಲಾ ಬರ್ಯಾಕತ್ತೇನಿ.

ನಾನು ಹೇಳೂದು ಇಷ್ಟ. ಜೋರಿನ ದಮ್ಮು ಇದ್ದವರಿಗೆ ಬರೇ ದಮ್ಮು ಇರೂದು ಕಡಿಮಿ. ಅದರ ಸಂಗಾಟ ಬ್ಯಾರೆ ಜಡ್ಡು ಬಂದಿರತಾವ. ಕೆಲವು ದಮ್ಮಿನ ಬಳಗದವು, ಕೆಲವು ನಾವು ಕೊಟ್ಟ ಔಷಧದಿಂದ ಬಂದಂಥವು, ಇನ್ನ ಕೆಲವು ಮನ್ಯಾಗಿನ ಹೆಣಮಕ್ಕಳು ಯಾರ ಮುಂದೂ ಹೇಳದ ಇಟಗೊಂಡಂಥವು. "ಎಲ್ಲಾ ದಮ್ಮಿಂದೇ" ಅಂತ ಒಂದೇ ಗಂಟು ಕಟ್ಟಿ ಇಟ್ರ ದಮ್ಮೂ ಹತೋಟಿಗೆ ಬರಂಗಿಲ್ಲ, ಉಳದವೂ ಬೆಳಕೊಂತ ಹೋಗತಾವ. ನಾವು ಹಂಗ ಮಾಡಿ ಕಲತೇವಿ. ನೀವು ಹಂಗ ಮಾಡೂದು ಬ್ಯಾಡ ಅಂತ ಬರ್ಯಾಕತ್ತೇನಿ.

ಆ ದೀಪಾವಳಿ ಸುದ್ದಿ ಮೊದಲು ಹೇಳಿಬಿಡತೀನಿ. ನೀರು ತುಂಬೂ ಹಬ್ಬದ ದಿನ, ಬಚ್ಚಲದಾಗಿನ ಹಂಡೆಕ್ಕ ಅಕ್ಕ ಒಂದು ಕೊಡ ನೀರು ಎತ್ತಿ ಹಾಕಾಕ ಹೋದ್ಲು. ಹಂಗೇ "ಅವ್ವಾ" ಅಂತ ಕುಂತ್ಲು. ನಾ ಎಣ್ಣಿ ತಿಕ್ಕಿದೆ, ಬಿಸಿನೀರಿನ ಶೇಕ ಕೊಟ್ಟೆ, ಕಡಿಮಿ ಆಗಲಿಲ್ಲ. ಮರುದಿನ ಓಣಿ ತುದಿಗಿನ ಮೆಡಿಕಲ್ ಅಂಗಡ್ಯಾಗ "ಟೊಂಕನೋವಿಗೆ ಏನರ ಕೊಡ್ರಿ" ಅಂತ ಗುಳಿಗಿ ತಂದು ಕೊಟ್ಟೆ. ಊಟ ಆದ ಮ್ಯಾಲೆ ತಗೊಂಡ್ಲು. ಒಂದು ತಾಸಿನೊಳಗ ಮೂಗಿನಿಂದ ನೀರು, ಮಾರಿ ಕೆಂಪಗ, ಆಮ್ಯಾಲೆ ಉಸಿರೇ ಸಿಗವಲ್ದು. ಪಂಪ್ ಹೊಡದ್ರೂ ಜಗ್ಗಲಿಲ್ಲ. ಹೊರಗ ಹುಡುಗೂರು ಪಟಾಕಿ ಹಾರಸಾಕತ್ತಿದ್ರು, ಆ ಹೊಗಿಗೆ ಹಿಂಗ ಆಗೇತಿ ಅಂತ ನಾವು ಪಟಾಕಿಗೇ ಬೈಕೊಂತ ಆಕಿನ್ನ ರಿಕ್ಷಾದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ.

ಅಲ್ಲೆ ರಾತ್ರಿ ಪಾಳಿಯೊಳಗ ಒಬ್ಬಾಕಿ ಸಣ್ಣ ವಯಸ್ಸಿನ ಡಾಕ್ಟ್ರು ಇದ್ರು. ಆಕ್ಸಿಜನ್, ನೆಬ್ಯುಲೈಸರ್ ಎಲ್ಲಾ ಹಚ್ಚಿ ಅಕ್ಕಗ ಸ್ವಲ್ಪ ಆರಾಮ ಆದ ಮ್ಯಾಲೆ, ಅವರು ಕುರ್ಚಿ ಎಳಕೊಂಡು ಕುಂತು ಕೇಳಿದ್ರು: "ಇವತ್ತು ಏನರ ಹೊಸಾ ಗುಳಿಗಿ ತಗೊಂಡೀರೇನ್ರಿ?" ಆಮ್ಯಾಲೆ, "ಮೂಗಿಗೆ ವಾಸನಿ ಗೊತ್ತಾಗತೈತೇನ್ರಿ?" ಆಮ್ಯಾಲೆ, "ವರ್ಷದಾಗ ಎಷ್ಟು ಸಲ ಸ್ಟೀರಾಯ್ಡ್ ಗುಳಿಗಿ ತಗೋತೀರಿ?" ಹದಿನೈದು ವರ್ಷದಾಗ ಈ ಮೂರು ಪ್ರಶ್ನಿ ಒಮ್ಮೆಲೇ ಕೇಳಿದವರು ಅವರೊಬ್ರೇ. ನಮ್ಮ ಕಡೆ ನಾಲ್ಕು ಕ್ಯಾರಿಬ್ಯಾಗ್‌ನ್ಯಾಗ ನಾಲ್ಕು ಫೈಲ್ ಇದ್ದುವು, ಎದಿ ಡಾಕ್ಟ್ರದು, ಮೂಗಿನ ಡಾಕ್ಟ್ರದು, ಶುಗರ್‌ದು, ಈಗ ಎಲುಬಿಂದು. ಒಂದು ಫೈಲ್‌ನ್ಯಾಗ ಏನೈತಿ ಅಂತ ಇನ್ನೊಂದಕ್ಕ ಗೊತ್ತಿರಲಿಲ್ಲ. ಮನ್ಯಾಗಿನ ನಮಗೂ ಗೊತ್ತಿರಲಿಲ್ಲ.

ಮೂರನೇ ಪ್ರಶ್ನಿಗೆ ಉತ್ತರ ನಾ ಕೊಡಬೇಕಾತು, ಯಾಕಂದ್ರ ಗುಳಿಗಿ ತರಾಕಿ ನಾನೇ. ಒಂದು ಸಲ ಯಾವುದೋ ಡಾಕ್ಟ್ರು ಐದು ದಿವಸಕ್ಕಂತ ಬರದು ಕೊಟ್ಟ ಗುಳಿಗಿ ಅದು. ಎರಡು ದಿವಸದಾಗ ಅಕ್ಕ ಎದ್ದು ರೊಟ್ಟಿ ಬಡದಿದ್ಲು. ದೇವರ ಪ್ರಸಾದ ಸಿಕ್ಕಂಗ ಆತು ನನಗ. ಆಮ್ಯಾಲೆ ಮಳಿಗಾಲದಾಗ ಒಮ್ಮೆ, ಖಾರ ಕುಟ್ಟಿಸಿದಾಗ ಒಮ್ಮೆ, ಜಾತ್ರಿ ಧೂಳಿಗೆ ಒಮ್ಮೆ, ತಂಡಿಗೆ ಎರಡು ಸಲ. ಹಳೇ ಚೀಟಿ ತೋರಿಸಿದ್ರ ಅಂಗಡ್ಯಾವ ಕೊಡತಿದ್ದ, ಬರಬರತ ಚೀಟಿನೂ ಕೇಳತಿರಲಿಲ್ಲ. ಹೊಲಿಗಿ ಮಶೀನಿನ ಡ್ರಾದಾಗ ಒಂದು ಪಟ್ಟಿ ಯಾವಾಗಲೂ ಇಟ್ಟಿರತಿದ್ದೆ. ಬೆರಳು ಮಡಚಿ ಎಣಿಸಿದೆ, ಆ ವರ್ಷ ಏಳು ಸಲ ಆಗಿತ್ತು. ಡಾಕ್ಟ್ರು ಬೈಲಿಲ್ಲ. "ವರ್ಷದಾಗ ಎರಡು ಸಲ ಈ ಗುಳಿಗಿ ಬೇಕಾತಂದ್ರೇ ದಮ್ಮು ಹತೋಟ್ಯಾಗ ಇಲ್ಲ ಅಂತ ಅರ್ಥರಿ. ಆವಾಗೇ ಬಂದು ತೋರಿಸಬೇಕಿತ್ತು" ಅಂದ್ರು ಅಷ್ಟ. ಬೈದಿದ್ರ ಛಲೋ ಇತ್ತೇನೋ.

ಈ ಗುಳಿಗಿ ಹೆಸರು ಪ್ರೆಡ್ನಿಸೊಲೋನ್, ಇಲ್ಲಾ ಅದರ ಜಾತೀದು. ಇದು ಕೆಟ್ಟ ಔಷಧ ಅಲ್ಲ. ಜೋರಾಗಿ ದಮ್ಮು ಏರಿದಾಗ ಜೀವ ಉಳಸೂದು ಇದೇ. ಆದ್ರ ಇದು ಬರೇ ಎದಿಗೆ ಹೋಗಂಗಿಲ್ಲ, ರಕ್ತದಾಗ ಕೂಡಿ ಮೈಯೆಲ್ಲಾ ಅಡ್ಡಾಡತೈತಿ. ಮ್ಯಾಲಿಂದ ಮ್ಯಾಲೆ ತಗೊಂಡ್ರ ರಕ್ತದಾಗ ಸಕ್ರಿ ಏರತೈತಿ, ಎಲುಬು ಪೊಳ್ಳಾಗತಾವ, ಕಣ್ಣಿಗೆ ಪೊರಿ ಬರತೈತಿ, ಬಿಪಿ ಏರತೈತಿ, ಹಸಿವಿ ಹೆಚ್ಚಾಗಿ ತೂಕ ಕೂಡತೈತಿ, ಮಾರಿ ಬಾತಂಗ ದುಂಡಗ ಆಗತೈತಿ. ಅಕ್ಕ ಆರಾಮ ಆಗಿ ಮೈ ಹಿಡದಾಳ ಅಂತ ನಾವು ತಿಳಕೊಂಡಿದ್ವಿ. ಮುಟ್ಟು ನಿಂತ ಹೆಣಮಕ್ಕಳಿಗೆ ಎಲುಬು ಮೊದಲೇ ಸೊರಗಿರತಾವ, ಅದರ ಮ್ಯಾಲೆ ಈ ಗುಳಿಗಿ ಬಿದ್ರ ಒಂದು ಕೊಡ ನೀರೇ ಸಾಕು. ಆಕಿಗೆ ಶುಗರ್ ಬಂದಾಗ "ನಿಮ್ಮ ತವರಮನ್ಯಾಗ ಯಾರಿಗರ ಐತೇನು" ಅಂತ ಕೇಳಿದ್ವಿ. ತವರಮನೀದು ಏನೂ ಇರಲಿಲ್ಲ, ನನ್ನ ಡ್ರಾದಾಗಿಂದೇ ಬಂದಿತ್ತು.

ಇಲ್ಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಷ್ಟು ಓದಿ ನಿಮ್ಮೊಳಗ ಯಾರರ "ಹಂಗಾದ್ರ ಸ್ಟೀರಾಯ್ಡ್ ಬ್ಯಾಡೇ ಬ್ಯಾಡ, ಪಂಪೂ ಬಿಟ್ಟುಬಿಡತೀನಿ" ಅಂದ್ರ ನಾ ಬರದದ್ದು ಉಲ್ಟಾ ಆಗತೈತಿ. ಪಂಪ್‌ನ್ಯಾಗಿನ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ಗುಳಿಗಿ ಮಿಲಿಗ್ರಾಂ ಲೆಕ್ಕದ್ದು. ಒಂದು ಮಿಲಿಗ್ರಾಂ ಅಂದ್ರ 1000 ಮೈಕ್ರೋಗ್ರಾಂ. ಎರಡೂ ಬ್ಯಾರೆ ಔಷಧ, ತಕ್ಕಡ್ಯಾಗ ಹಾಕಿ ತೂಗಾಕ ಬರಂಗಿಲ್ಲ ಖರೆ, ಆದ್ರ ಪಂಪಿಂದು ನೇರ ಎದಿಗೆ ಹೋಗತೈತಿ, ಮೈಗೆ ಸೇರೂದು ಭಾಳ ಕಡಿಮಿ. ಪಂಪ್ ದಿನಾ ಸರಿಯಾಗಿ ತಗೋಳೂದೇ ಗುಳಿಗಿ ತಪ್ಪಸೂ ದಾರಿ. ತಗೊಂಡ ಮ್ಯಾಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲಂದ್ರ ನಾಲಗಿ ಮ್ಯಾಲೆ ಬೆಳ್ಳಗ ಬೂಸು ಬರತೈತಿ, ಧ್ವನಿ ಒಡೀತೈತಿ. ಇನ್ನ ಭಾಳ ದಿವಸದಿಂದ ಗುಳಿಗಿ ತಗೊಳ್ಳಾಕತ್ತವರು ಒಮ್ಮೆಲೇ ಬಿಡಬಾರದು. ಮೈ ತನ್ನ ಪಾಲಿನ ಸ್ಟೀರಾಯ್ಡ್ ತಯಾರ ಮಾಡೂದು ನಿಲ್ಲಿಸಿರತೈತಿ, ಒಮ್ಮೆಲೇ ಬಿಟ್ರ ಜೀವಕ್ಕೇ ಕುತ್ತು. ಡಾಕ್ಟ್ರು ಹೇಳಿದಂಗ ಇಳಸ್ಕೊಂತ ಬರಬೇಕು.

ಈಗ ಮೂಗಿನ ಸುದ್ದಿ. ಅಕ್ಕಗ ಮೂಗು ಕಟ್ಟೂದು, ಮುಂಜಾನೆ ಎದ್ದಕೂಡ್ಲೆ ಇಪ್ಪತ್ತು ಸೀನು, ಇದು ಭಾಳ ವರ್ಷದ್ದು. ಹಿತ್ತಲದ ಆಚೆ ಖಾಲಿ ಜಾಗಾದಾಗ ಕಾಂಗ್ರೆಸ್ ಕಸ ಹೂ ಬಿಟ್ಟಾಗ ಇನ್ನಷ್ಟು. ನೆಗಡಿಗೆ ಯಾರು ದವಾಖಾನಿಗೆ ಹೋಗತಾರ ಅಂತ ಬಿಟ್ಟಿದ್ವಿ. ಎರಡು ವರ್ಷದಿಂದ ಆಕಿ ಒಗ್ಗರಣಿ ಹೊತ್ತಸ್ತಿದ್ಲು, ಹಾಲು ಉಕ್ಕಿ ಸೀದ್ರೂ ಗೊತ್ತಾಗತಿರಲಿಲ್ಲ. "ಅಕ್ಕನ ಧ್ಯಾನ ಎಲ್ಲೋ ಐತಿ" ಅಂತ ನಾವು ನಗತಿದ್ವಿ. ಆಕಿ ಧ್ಯಾನ ಇಲ್ಲೇ ಇತ್ತು, ಮೂಗೇ ಸತ್ತಿತ್ತು. ಒಳಗ ದುರ್ಮಾಂಸ ಬೆಳದಿತ್ತು. ಮೂಗು, ಎದಿ ಎರಡೂ ಒಂದೇ ದಾರಿ ಅಂತ ಡಾಕ್ಟ್ರು ಹೇಳಿದ್ರು, ಮ್ಯಾಲಿನ ಬಾಗಲದಾಗ ಬೆಂಕಿ ಹತ್ತಿದ್ರ ಒಳಮನಿಗೂ ಹೊಗಿ ಬರೂದೇ. ಮೂಗಿಗೆ ಔಷಧ ಮಾಡದ ಬರೇ ಎದಿಗೆ ಮಾಡಿದ್ರ ದಮ್ಮು ಹತೋಟಿಗೆ ಬರೂದು ಕಷ್ಟ.

ದಮ್ಮು, ಮೂಗಿನ ದುರ್ಮಾಂಸ ಎರಡೂ ಇದ್ದವರೊಳಗ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥಾ ನೋವಿನ ಗುಳಿಗಿ ಆಗಿಬರಂಗಿಲ್ಲ. ತಗೊಂಡು ಸ್ವಲ್ಪ ಹೊತ್ತಿನ್ಯಾಗ ದಮ್ಮು ಏರಿಬಿಡತೈತಿ. ಇದೇನು ಈಗಿನ ಹೊಸಾ ಸಂಗತಿ ಅಲ್ಲ, ಫ್ರಾನ್ಸಿನ ಡಾಕ್ಟ್ರೊಬ್ರು 1922ರಾಗೇ ಬರದಿಟ್ಟಾರಂತ. ಅಂದ್ರ ನೂರು ವರ್ಷದ ಹಿಂದೇ ಗೊತ್ತಿದ್ದ ಸಂಗತಿ ನಮ್ಮ ಓಣಿ ತುದಿಗೆ ಬಂದಿರಲಿಲ್ಲ. ದಮ್ಮು ಇದ್ದವರಿಗೆಲ್ಲಾ ಹಿಂಗ ಆಗತೈತಿ ಅಂತಲ್ಲ, ಭಾಳ ಮಂದಿಗೆ ಏನೂ ಆಗಂಗಿಲ್ಲ. ಆದ್ರ ಒಮ್ಮೆ ಆಗೇತಿ ಅಂದ್ರ ಆ ಗುಳಿಗಿ ಹೆಸರು ಬರದಿಟ್ಟು, ದವಾಖಾನಿಗೆ ಹೋದಲ್ಲೆಲ್ಲಾ ಮೊದಲು ಅದನ್ನೇ ಹೇಳಬೇಕು. ಪಟಾಕಿ ಹೊಗಿಗೂ ಅಕ್ಕಗ ತ್ರಾಸ ಆಗತಿತ್ತು ಖರೆ, ಆದ್ರ ಆ ರಾತ್ರಿ ಜೀವಕ್ಕ ಬಂದದ್ದು ನಾ ತಂದ ಗುಳಿಗಿ.

ಹೊಟ್ಟೀದೂ ಒಂದು ಪಾಲು ಐತಿ. ಹುಳಿತೇಗು, ಎದಿ ಉರಿ, ಮಕ್ಕೊಂಡಾಗ ಗಂಟಲಿಗೆ ಹುಳಿ ಬರೂದು. ಆ ಹುಳಿ ಮ್ಯಾಲೆ ಬಂದು ಗಂಟಲಕ್ಕ ತಾಗಿದ್ರ ಕೆಮ್ಮು ಏಳತೈತಿ. ಮನಿ ಹೆಣಮಕ್ಕಳ ಊಟ ಯಾವಾಗ ಹೇಳ್ರಿ? ಗಂಡಸರದು, ಹುಡುಗೂರದು, ಅತ್ತೀದು ಆಗಿ, ಅಡಗಿಮನಿ ಬಳದು, ಹತ್ತೂವರಿಗೆ ಉಳದ ಮಿರ್ಚಿ ಭಜಿ, ಖಾರಬ್ಯಾಳಿ ಉಂಡು ಹನ್ನೊಂದಕ್ಕ ಮಕ್ಕೊಳ್ಳೂದು. ರಾತ್ರಿ ಎರಡಕ್ಕ ಅಕ್ಕ ಎದ್ದು ಕುಂತು ಕೆಮ್ಮತಿದ್ಲು. ಈಗ ಆಕಿ ಎಂಟಕ್ಕ ಉಣತಾಳ, ಎಲ್ಲಾರಕಿಂತ ಮೊದಲು. ಮೊದಲನೇ ವಾರ ಆಕಿಗೇ ನಾಚಿಕಿ ಆತು, "ಗಂಡಸರಕಿಂತ ಮೊದಲು ಹೆಂಗ ಕುಂದರಲಿ" ಅಂತ. ನಮ್ಮ ಅತ್ತೀನೇ ತಾಟ ಹಚ್ಚಿ ಮುಂದ ಇಟ್ರು. ಮಂಚದ ತಲಿಕಡೆ ಕಾಲಿನ ಕೆಳಗ ಎರಡು ಇಟ್ಟಂಗಿ ಇಟ್ಟೇವಿ. ಇದಕ್ಕ ಒಂದು ರೂಪಾಯಿ ಖರ್ಚಿಲ್ಲ.

ನಿದ್ದೀದೂ ಹಂಗ. ಜೋರಾಗಿ ಗೊರಕಿ ಹೊಡದು, ನಡುವ ಉಸಿರು ನಿಂತಂಗಾಗಿ, ಒಮ್ಮೆಲೇ ಹೌಹಾರಿ ಏಳೂದು, ಹಗಲೆಲ್ಲಾ ತೂಕಡಿಸೂದು ಇದ್ರ ಅದು ಬ್ಯಾರೆ ಬ್ಯಾನಿ ಆಗಿರಬಹುದು. ತೂಕ ಹೆಚ್ಚಿದ್ದವರಿಗೆ ಅದು ಹೆಚ್ಚು, ದಮ್ಮಿನವರಿಗೂ ಹೆಚ್ಚು. ಗೊರಕಿ ಹೊಡ್ಯಾಕಿಗೆ ತನ್ನ ಗೊರಕಿ ಕೇಳಸಂಗಿಲ್ಲ, ಬಾಜೂಕ ಮಕ್ಕೊಂಡವರೇ ಹೇಳಬೇಕು. ಇನ್ನ ಕೆಲವರಿಗೆ ಆಸ್ಪರ್‌ಜಿಲ್ಲಸ್ ಅನ್ನೂ ಬೂಸ್ಟಿನ ಮ್ಯಾಲೆ ಎದಿಗೆ ಅಲರ್ಜಿ ಆಗಿ, ಕೆಮ್ಮಿದ್ರ ಕಂದು ಬಣ್ಣದ ಗಟ್ಟಿ ಕಫ ಬೀಳತೈತಿ. ಎಕ್ಸ್‌ರೇದಾಗ ಅದು ಟಿಬಿ ಕಂಡಂಗ ಕಾಣಬಹುದು. ನಮ್ಮ ದೇಶದಾಗ ಹಿಂಗ ಟಿಬಿ ಔಷಧ ನುಂಗಿ ನುಂಗಿ ಸಾಕಾದವರು ಇದ್ದಾರ. ರಕ್ತಪರೀಕ್ಷಾ, ಸ್ಕ್ಯಾನ್ ಮಾಡಿದ್ರ ತಿಳೀತೈತಿ. ಅಕ್ಕಗೂ ನೋಡಿದ್ರು, ಆಕಿಗೆ ಅದಿರಲಿಲ್ಲ. ಎಲ್ಲಾರಿಗೂ ಎಲ್ಲಾ ಬರಂಗಿಲ್ಲ, ಹೆದರಬ್ಯಾಡ್ರಿ. ಯಾವುದು ಐತಿ, ಯಾವುದು ಇಲ್ಲ ಅಂತ ಒಮ್ಮೆ ಪೂರಾ ನೋಡಿಸೂದು ಮುಖ್ಯ.

ಬ್ಯಾರೆ ಜಡ್ಡಿಗೆ ಕೊಟ್ಟ ಔಷಧಾನೂ ದಮ್ಮಿಗೆ ತಿರುಗಿ ಬೀಳಬಹುದು. ಬಿಪಿಗೆ, ಎದಿ ಬಡತಕ್ಕ, ತಲಿಶೂಲಿಗೆ ಕೊಡೂ ಬೀಟಾ ಬ್ಲಾಕರ್ ಜಾತಿ ಗುಳಿಗಿಯೊಳಗ ಪ್ರೊಪ್ರನೊಲಾಲ್‌ನಂಥವು ದಮ್ಮಿನವರಿಗೆ ತ್ರಾಸ ಕೊಡತಾವ. ಕಣ್ಣಿನ ಒತ್ತಡಕ್ಕ ಹಾಕೂ ಟಿಮೊಲಾಲ್ ಹನಿನೂ ಅದೇ ಜಾತೀದು. ಕಣ್ಣಿಗೆ ಎರಡು ಹನಿ ಹಾಕಿದ್ರ ಎದಿ ಹಿಡೀತೈತಿ ಅಂದ್ರ ಯಾರು ನಂಬತಾರ? ಆದ್ರ ಹಿಡೀತೈತಿ. ಬಿಪಿಯ ಬ್ಯಾರೆ ಒಂದು ನಮೂನಿ ಗುಳಿಗಿಗೆ ಒಣಕೆಮ್ಮು ಬರತೈತಿ, ಅದನ್ನೂ ನಾವು ದಮ್ಮಿನ ಲೆಕ್ಕಕ್ಕೇ ಹಾಕತೇವಿ. ಅದಕ್ಕ ಕಣ್ಣಿನ ಡಾಕ್ಟ್ರ ಕಡೆ ಹೋದ್ರೂ, ಹಲ್ಲಿನ ಡಾಕ್ಟ್ರ ಕಡೆ ಹೋದ್ರೂ "ನನಗ ದಮ್ಮು ಐತ್ರಿ" ಅಂತ ಮೊದಲು ಹೇಳ್ರಿ. ಹಂಗಂತ ತಗೊಳ್ಳಾಕತ್ತ ಗುಳಿಗಿನ್ನ ನೀವೇ ನಿಲ್ಲಿಸಬ್ಯಾಡ್ರಿ, ಕೇಳಿ ಬದಲಿ ಮಾಡಸ್ಕೊಳ್ರಿ.

ಈಗ ಹೇಳೂದು ಬರೀಲೋ ಬ್ಯಾಡೋ ಅಂತ ಅಕ್ಕನ್ನ ಎರಡನೇ ಸಲ ಕೇಳಿದೆ. ಕಡ್ಲಿಬ್ಯಾಳಿ ಹಸನ ಮಾಡಾಕತ್ತಿದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ನನ್ನಂಥಾಕಿ ಇನ್ನೊಬ್ಬಾಕಿ ಇರತಾಳ" ಅಂದ್ಲು.

ಆಕಿ ಮದವಿ ಮುಂಜವಿಗೆ ಬರೂದು ಬಿಟ್ಟದ್ದು ದಮ್ಮಿಗಲ್ಲ. ಜೋರಾಗಿ ಕೆಮ್ಮಿದ್ರ ಆಕಿಗೆ ಸೀರಿ ಹಸಿ ಆಗತಿತ್ತು. ಎಂಟು ವರ್ಷ. ನಾ ಒಂದೇ ಮನ್ಯಾಗ ಇದ್ದಾಕಿ, ಒಂದೇ ಬಚ್ಚಲ, ಒಂದೇ ಹಗ್ಗದ ಮ್ಯಾಲೆ ಸೀರಿ ಒಣಹಾಕಾಕಿ, ನನಗೂ ಹೇಳಿರಲಿಲ್ಲ. ಎಲ್ಲರ ಹೋಗೂದಿದ್ರ ಹಿಂದಿನ ರಾತ್ರಿಯಿಂದ ನೀರು ಕುಡೀತಿರಲಿಲ್ಲ. ತನ್ನ ತಂಗಿ ಮಗಳ ಮದವಿಗೂ ಹೋಗಲಿಲ್ಲ, "ದಮ್ಮು ಐತಿ" ಅಂದ್ಲು, ನಾವೂ ಹೌದಂದ್ವಿ. ಭಾಳ ವರ್ಷ ಕೆಮ್ಮಿದ, ಹಡದ ಹೆಣಮಕ್ಕಳಿಗೆ ಇದು ಆಗೂದು ಅಪರೂಪ ಅಲ್ಲ. ಇದಕ್ಕ ಕೆಳಗಿನ ಸ್ನಾಯು ಬಿಗಿ ಮಾಡೂ ವ್ಯಾಯಾಮ ಐತಿ. ಕುಂತಲ್ಲೇ, ಯಾರಿಗೂ ಗೊತ್ತಾಗದಂಗ, ರೊಟ್ಟಿ ಬಡಕೊಂತ ಸುದ್ದಾ ಮಾಡಬಹುದು. ದವಾಖಾನ್ಯಾಗ ಹೇಳಿಕೊಟ್ರು, ಮೂರು ತಿಂಗಳದಾಗ ಅಕ್ಕಗ ಭಾಳ ಫರಕ ಆತು. ಎಂಟು ವರ್ಷ ಹೇಳದ ಇಟಗೊಂಡ ಕಷ್ಟಕ್ಕ ಮೂರು ತಿಂಗಳು.

ಇನ್ನ ಮನಸ್ಸು. ಉಸಿರು ಸಿಗದ ಒಮ್ಮೆ ಒದ್ದಾಡಿದವರಿಗೆ ಆ ಹೆದರಿಕಿ ಹೋಗಂಗಿಲ್ಲ. ಪಂಪ್ ಸೆರಗಿಗೆ ಕಟ್ಟಿಕೊಂಡು ಅಡ್ಡಾಡೂದು, ರಾತ್ರಿ ಮಕ್ಕೊಳ್ಳಾಕ ಅಂಜೂದು, ಎದಿ ಡವಡವ ಅಂದಕೂಡ್ಲೆ ದಮ್ಮು ಏರಾಕತ್ತೈತಿ ಅಂತ ಇನ್ನಷ್ಟು ಅಂಜೂದು. ಹೆದರಿಕಿಗೆ ಉಸಿರು ಹಿಡೀತೈತೋ, ಉಸಿರು ಹಿಡದದ್ದಕ್ಕ ಹೆದರಿಕಿ ಆಗತೈತೋ, ಅವರಿಗೇ ತಿಳಿಯಂಗಿಲ್ಲ. ಮನ್ಯಾಗಿನವರು ಎರಡು ನಮೂನಿ ತಪ್ಪು ಮಾಡತೇವಿ. ಒಂದು, "ಎಲ್ಲಾ ಮನಸಿಂದು, ನಾಟಕ" ಅನ್ನೂದು. ಇನ್ನೊಂದು, ಖರೇನ ಕುಗ್ಗಿದವರಿಗೆ "ದಮ್ಮಿನವರು ಹಂಗೇ ಇರತಾರ" ಅಂತ ಬಿಡೂದು. ಆ ಡಾಕ್ಟ್ರು ಅಕ್ಕನ್ನ "ದಿವಸಾ ಹೆಂಗ ಹೋಗತಾವ್ರಿ ನಿಮಗ?" ಅಂತ ಕೇಳಿದ್ರು, ಆಕಿ ಉತ್ತರ ಕೊಡದ ಅತ್ಲು. ಹದಿನೈದು ವರ್ಷದಾಗ ನಾನು ಆ ಪ್ರಶ್ನಿ ಕೇಳಿರಲಿಲ್ಲ. ಉಂಡೇನು, ಗುಳಿಗಿ ತಗೊಂಡೇನು, ಅಷ್ಟ ಕೇಳತಿದ್ದೆ.

ನಿಮ್ಮ ಮಾತು ನನಗ ಕೇಳಸಾಕತ್ತೈತಿ. "ನಿಂದೇನು, ಹೇಳತಿ. ಒಂದು ಜಡ್ಡಿಗೇ ರೊಕ್ಕ ಸಾಲವಲ್ದು, ಹತ್ತು ಜಡ್ಡು ಹುಡುಕ್ಯಾಡಕೊಂತ ಹೋದ್ರ ಹೊಲಾ ಮಾರಬೇಕು." ಸುಳ್ಳಲ್ಲ. ಸ್ಕ್ಯಾನ್, ಎಲುಬಿನ ಡೆಕ್ಸಾ ಪರೀಕ್ಷಾಕ್ಕ ರೊಕ್ಕ ಬೇಕು. ಜೋರಿನ ದಮ್ಮಿಗಂತೇ ಹೊಸಾ ಇಂಜೆಕ್ಷನ್ ಬಂದಾವ, ಅವಂತೂ ನಮ್ಮಂಥವರ ಕೈಗೆ ಎಟಕದಷ್ಟು ತುಟ್ಟಿ. ಆದ್ರ ನಮ್ಮ ಲೆಕ್ಕಾನೂ ಕೇಳ್ರಿ. ಬೆನ್ನಿನ ಮಣಿಗೆ, ಆ ರಾತ್ರಿ ದವಾಖಾನಿಗೆ, ಶುಗರ್ ಗುಳಿಗಿಗೆ ಹೋಗಿದ್ದು ಎಷ್ಟು? ಎಂಟಕ್ಕ ಊಟ, ಇಟ್ಟಂಗಿ, ಬಾಯಿ ಮುಕ್ಕಳಿಸೂದು, ಕಾಸಿ ಆರಿಸಿದ ಉಪ್ಪುನೀರಿಲೆ ಮೂಗು ತೊಳಿಯೂದು, ವ್ಯಾಯಾಮ, ಪಂಪ್ ಹಿಡಿಯೂ ರೀತಿ ತಿದ್ದಕೊಳ್ಳೂದು, ಇವಕ್ಕೆಲ್ಲಾ ಹೋಗಿದ್ದು ಎಷ್ಟು? ಪಂಪ್‌ದಂತೂ ಹೇಳಲೇಬೇಕು. ಅಕ್ಕ ಹದಿನೈದು ವರ್ಷ ತಪ್ಪು ಹೊಡೀತಿದ್ಲು, ಔಷಧ ಅರ್ಧ ನಾಲಗಿ ಮ್ಯಾಲೇ ಕುಂದರತಿತ್ತು. ಸ್ಪೇಸರ್ ಹಚ್ಚಿ, ಉಸಿರು ಒಳಗ ತಗೊಂಡು ಹತ್ತು ಎಣಸೂತನಕ ಹಿಡಿಯೂದು ಕಲಿಸಿದ್ರು. ಆಸ್ತಮಾ ಇದ್ದವರೊಳಗ ಖರೇನ ಔಷಧಕ್ಕ ಜಗ್ಗದ ಜೋರಿನ ಆಸ್ತಮಾ ಇರೂದು ನೂರಕ್ಕ ಹತ್ತು ಮಂದಿಗಿಂತ ಕಡಿಮಿ ಅಂತಾರ. ಉಳದವರದು ಭಾಳ ಸಲ ಪಂಪಿನ ತಪ್ಪು, ಇಲ್ಲಾ ಹಿಂಗ ಮುಚ್ಚಿಕೊಂಡ ಬ್ಯಾರೆ ಜಡ್ಡು.

ಹಿರ್ಯಾರು ಇನ್ನೊಂದು ಮಾತು ಹೇಳತಾರ. "ಪಂಪಿನ ಚಟಾ ಬೀಳತೈತಿ. ಮೃಗಶಿರಾ ಮಳಿ ಹತ್ತಿದ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ತಗೊಂಡು ಬರ್ರಿ" ಅಂತ. ನಮ್ಮ ಕಡೆಯಿಂದ ಹೋದವರು ಇದ್ದಾರ, ಮೀನ ತಿನ್ನದವರಿಗೆ ಬೆಲ್ಲದಾಗೂ ಕೊಡತಾರ. ನಮ್ಮ ಮನ್ಯಾಗೂ ಒಂದು ವರ್ಷ ಹೋಗಿ ಬಂದಾರ. ಅದರಿಂದ ದಮ್ಮು ಹೋಗತೈತಿ ಅನ್ನೂದಕ್ಕ ಪುರಾವಿ ಇಲ್ಲ. ಆದ್ರೂ ಹೋಗಿ ಬಂದದ್ದಕ್ಕ ನಾ ಬೈಯಂಗಿಲ್ಲ. ಹೋಗಿಬಂದು ಪಂಪ್ ಬಿಟ್ರಲ್ಲ, ಅದಕ್ಕ ಬೈತೀನಿ. ಆ ವರ್ಷದ ಶ್ರಾವಣದಾಗೇ ನನ್ನ ಡ್ರಾದಾಗಿನ ಗುಳಿಗಿ ಶುರು ಆದದ್ದು.

ನನ್ನ ಮಾತು ಕೇಳೂದಿದ್ರ ಇಷ್ಟು ಮಾಡ್ರಿ. ಮನ್ಯಾಗ ದಮ್ಮಿನವರು ಇದ್ರ ಒಂದು ನೂರು ಪುಟದ ನೋಟಬುಕ್ ತಗೊಳ್ರಿ. ಮೊದಲನೇ ಪುಟದಾಗ ಯಾವ ಗುಳಿಗಿ ಆಗಿಬರಂಗಿಲ್ಲ ಅಂತ ದೊಡ್ಡ ಅಕ್ಷರದಾಗ ಬರೀರಿ. ಎರಡನೇದಾಗ ದಿನಾ ತಗೊಳ್ಳೂ ಎಲ್ಲಾ ಔಷಧ, ಕಣ್ಣಿನ ಹನಿ ಸುದ್ದಾ. ಮೂರನೇದಾಗ ಸ್ಟೀರಾಯ್ಡ್ ಗುಳಿಗಿ ಯಾವಾಗ ಯಾವಾಗ, ಎಷ್ಟು ದಿವಸ. ಎರಡು ಗೆರಿ ಬಿತ್ತಂದ್ರ ಅಂಗಡಿಗೆ ಹೋಗಬ್ಯಾಡ್ರಿ, ಡಾಕ್ಟ್ರ ಕಡೆ ಹೋಗ್ರಿ. ನಾಲ್ಕನೇದಾಗ ಮೂಗು, ಹೊಟ್ಟಿ, ನಿದ್ದಿ, ಎಲುಬು, ಸಕ್ರಿ, ಕಣ್ಣು, ಮನಸ್ಸು, ಮತ್ತ ಆ ಹೇಳಾಕ ನಾಚೂ ಕಷ್ಟ. ಯಾವುದರ ಮುಂದ ಏನಿಲ್ಲೋ ಅಲ್ಲೆ "ಇಲ್ಲ" ಅಂತ ಬರೀರಿ, ಖಾಲಿ ಬಿಡಬ್ಯಾಡ್ರಿ. ನಾಲ್ಕು ಫೈಲೂ ಒಂದೇ ಚೀಲದಾಗ ಹಾಕಿ, ಒಬ್ಬರೇ ಡಾಕ್ಟ್ರ ಮುಂದ ಒಮ್ಮೆ ಬಿಚ್ಚಿ ಇಡ್ರಿ. "ಇವನ್ನೆಲ್ಲಾ ಕೂಡಿಸಿ ನೋಡ್ರಿ" ಅಂತ ಬಾಯಿಬಿಟ್ಟು ಕೇಳ್ರಿ. ಕೇಳೂದು ಸೊಕ್ಕಲ್ಲ.

ಮತ್ತ ದಮ್ಮಿನವರು ನೀವೇ ಆಗಿದ್ರ, ಮನ್ಯಾಗ ಒಬ್ಬಾಕಿಗರ ಎಲ್ಲಾ ಹೇಳ್ರಿ. ಅವ್ವಗೋ, ಮಗಳಿಗೋ, ನೆಗೆಣ್ಣಿಗೋ. ನೆಗೆಣ್ಣಿ ಅಂದ್ರ ಬರೇ ಪಾಲಿನ ಲೆಕ್ಕ ಇಡಾಕಿ ಅಲ್ಲ.

ಅಕ್ಕನ ದಮ್ಮು ಹೋಗಿಲ್ಲ, ಹೋಗೂದೂ ಇಲ್ಲ. ಶುಗರ್ ಐತಿ, ಎಲುಬಿಗೆ ಔಷಧ ನಡದೈತಿ, ಕೊಡ ಎತ್ತಂಗಿಲ್ಲ. ಈ ವರ್ಷ ಸ್ಟೀರಾಯ್ಡ್ ಗುಳಿಗಿ ಒಂದೇ ಸಲ ಆಗೇತಿ, ಅದೂ ಡಾಕ್ಟ್ರು ಬರದು ಕೊಟ್ಟದ್ದು, ನೋಟಬುಕ್ಕಿನ್ಯಾಗ ಒಂದೇ ಗೆರಿ ಐತಿ. ಹೊಲಿಗಿ ಮಶೀನಿನ ಡ್ರಾದಾಗ ಈಗ ಬರೇ ಗುಂಡಿ, ದಾರದುಂಡಿ. ಮೊನ್ನೆ ನಾ ಒಗ್ಗರಣಿ ಇಟ್ಟು ಹಿತ್ತಲದಾಗ ಯಾರ ಸಂಗಾಟೋ ಮಾತಾಡಕೊಂತ ನಿಂತಿದ್ದೆ. ಪಡಸಾಲ್ಯಾಗ ಕುಂತಿದ್ದ ಅಕ್ಕ ಜೋರಾಗಿ ಕೂಗಿದ್ಲು: "ಬಳ್ಳೊಳ್ಳಿ ಹೊತ್ತಾಕತ್ತೈತಿ ನೋಡ ಬಾರ!" ಓಡಿ ಬಂದು ನೋಡಿದ್ರ ಖರೇನ ಹೊತ್ತಿತ್ತು. ಆ ದಿನ ಹೊತ್ತಿದ ಒಗ್ಗರಣಿ ಸಾರೇ ಎಲ್ಲಾರೂ ಉಂಡ್ವಿ, ಯಾರೂ ಏನೂ ಅನ್ನಲಿಲ್ಲ.